ಹಾಕಿ ನೋಡಿದವನು

“ಬುದ್ಧಿ, ಒಬ್ಬನ ಮೇಲೆ ಕೆಟ್ಟ ಮಾತೊಂದು ಕಿವಿಗೆ ಬಿದ್ದರೆ ಅದು ನಿಜವೋ ಸುಳ್ಳೋ ಎಂದು ತಿಳಿಯುವುದು ಹೇಗೆ?” ಎಂದು ಚೆನ್ನವೀರಯ್ಯ ಮಠದ ಸ್ವಾಮಿಗಳನ್ನು ಕೇಳಿದ.

ಚೆನ್ನವೀರಯ್ಯ ಮಠದ ಉಸ್ತುವಾರಿ ಹೊತ್ತ ಶಿಷ್ಯ. ಕೆಟ್ಟ ಮಾತು ಬಂದದ್ದು ದಾಸೋಹದಲ್ಲಿ ಅಡುಗೆ ಮಾಡುವ ಮರುಳಪ್ಪನ ಮೇಲೆ. ಹಿಂದೆ ಇದ್ದ ಮಠದಲ್ಲಿ ಬೆಳ್ಳಿಯ ಪೂಜಾ ಸಾಮಾನು ಕದ್ದು ಹೊರಬಿದ್ದವನು ಇವನು ಎಂದು ಯಾರೋ ಯಾತ್ರಿಕ ಊಟದ ಪಂಕ್ತಿಯಲ್ಲಿ ಹೇಳಿ ಹೋಗಿದ್ದ. ಮರುಳಪ್ಪನನ್ನು ಇಟ್ಟುಕೊಳ್ಳಬೇಕೋ ಕಳಿಸಬೇಕೋ ಎಂಬುದು ಈಗ ಚೆನ್ನವೀರಯ್ಯನ ತಲೆಗೆ ಬಂದಿತ್ತು. ಅವನು ನ್ಯಾಯವಂತ. ಕೇಳಿದ್ದನ್ನೆಲ್ಲ ನಂಬುವವನಲ್ಲ. ನಾಲ್ಕು ಜನರನ್ನು ಕೇಳಿ ನೋಡದೆ ಯಾರ ಅನ್ನವನ್ನೂ ಕಿತ್ತುಕೊಳ್ಳಬಾರದು ಎಂಬುದು ಅವನ ನಿಲುವು. ಅದನ್ನೂ ಸ್ವಾಮಿಗಳ ಮುಂದೆ ಅರಿಕೆ ಮಾಡಿಕೊಂಡ.

ಸ್ವಾಮಿಗಳು ಪೂರ್ವಾಶ್ರಮದಲ್ಲಿ ಹಳೆಯ ಕಂಪ್ಯೂಟರುಗಳ ರಿಪೇರಿ ಮಾಡುತ್ತಿದ್ದವರು. ಆ ಕಾಲದ ಮಾತನ್ನು ಅವರು ಎತ್ತುತ್ತಿದ್ದುದು ಅಪರೂಪ. ಮಠದ ಮೈಕು ಕೈಕೊಟ್ಟಾಗ ಮಾತ್ರ ಭಕ್ತರಿಗೆ ಅದು ನೆನಪಾಗುತ್ತಿತ್ತು. ಅವರು ಶಿಷ್ಯನಿಗೆ ಕೂರಲು ಹೇಳಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ರಿಪೇರಿಗಾರನಿದ್ದ. ಕೆಟ್ಟು ಮೂಲೆ ಸೇರಿದ ಮಿನಿ ಕಂಪ್ಯೂಟರುಗಳನ್ನು ಮತ್ತೆ ಎಬ್ಬಿಸುವುದು ಅವನ ಕೆಲಸ. ಹೆಸರಿಗೆ ಮಿನಿ. ಆಕಾರ ಎರಡು ಕಬ್ಬಿಣದ ಬೀರುಗಳಷ್ಟು. ಅದು ಹುಟ್ಟಿದ ಕಾಲದಲ್ಲಿ ಉಳಿದ ಕಂಪ್ಯೂಟರುಗಳು ಇಡೀ ಕೋಣೆ ತುಂಬುತ್ತಿದ್ದವು, ಅವುಗಳ ಪಕ್ಕದಲ್ಲಿ ನಿಂತು ಇದು ಮಿನಿಯಾಯಿತು. ನಾವೂ ನಮಗಿಂತ ಕೆಟ್ಟವರ ಪಕ್ಕ ನಿಂತು ಒಳ್ಳೆಯವರಾಗುತ್ತೇವಲ್ಲ, ಹಾಗೆ.

ಅವನ ಬಳಿಗೆ ಒಬ್ಬ ಹಿರಿಯ ಹೆಂಗಸು ಬಂದಳು. ಆಕೆ ವಯಸ್ಸಿನಲ್ಲಿದ್ದಾಗ ಕಡಲ ತೀರದಲ್ಲೆಲ್ಲ ಓಡಾಡಿ ಮೀನುಗಾರರ ಮಾತುಗಳನ್ನು ಕೂಡಿಸಿದ್ದಳು. ಗಾಳಿ ಬೀಸುವ ಒಂದೊಂದು ದಿಕ್ಕಿಗೂ ಒಂದೊಂದು ಹೆಸರು, ಅಲೆಗೆ ಹೆಸರು, ಬಲೆಯ ಗಂಟಿಗೆ ಹೆಸರು. ಅವನ್ನೆಲ್ಲ ಒಂದು ಸಂಸ್ಥೆಯ ಮಿನಿ ಕಂಪ್ಯೂಟರಿಗೆ ತುಂಬಿಸಿದ್ದಳು. ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿಯೇ ಕನ್ನಡವನ್ನು ಕುಟ್ಟಿದ್ದಳು. ಕಾಲ ಕಳೆಯಿತು. ಹೇಳಿದ ಮುದುಕರು ತೀರಿಕೊಂಡರು. ಬರೆದುಕೊಂಡ ಚೀಟಿಗಳು ಗೆದ್ದಲಿನ ಪಾಲಾದವು. ಆ ಮಾತುಗಳು ಈಗ ಉಳಿದಿದ್ದದ್ದು ಎರಡು ಡಿಸ್ಕುಗಳಲ್ಲಿ ಮಾತ್ರ. ಊಟದ ತಟ್ಟೆಗಿಂತ ಅಗಲವಾದ ಡಿಸ್ಕು, ಪ್ಲಾಸ್ಟಿಕ್ ಡಬ್ಬಿಯೊಳಗೆ. ಒಂದು ಮೂಲ, ಇನ್ನೊಂದು ಅದರ ನಕಲು. ಸಂಸ್ಥೆಯವರು ಗುಜರಿಗೆ ಹಾಕಲಿದ್ದ ಯಂತ್ರವನ್ನು ಆಕೆ ಬೇಡಿ ತಂದಿದ್ದಳು. ತನ್ನ ಕಣ್ಣು ಮುಚ್ಚುವ ಮೊದಲು ಆ ಮಾತುಗಳನ್ನು ಹೊರಗೆ ತೆಗೆದು ಪುಸ್ತಕ ಮಾಡಬೇಕೆಂಬುದೊಂದೇ ಆಕೆಯ ಆಸೆ.

ಇಂಥ ಯಂತ್ರ ಸಿಕ್ಕಿದ ಕೂಡಲೇ ಸ್ವಿಚ್ಚು ಒತ್ತುವವನು ಮೂರ್ಖ. ರಿಪೇರಿಗಾರ ಮೂರ್ಖನಲ್ಲ. ಇಲಿ ಕಡಿದ ವೈರುಗಳನ್ನು ಬದಲಿಸಿದ. ಒಳಗಿನ ಒಂದೊಂದು ಕಾರ್ಡನ್ನೂ ಹೊರಗೆಳೆದು ಒರೆಸಿ ಮತ್ತೆ ಕೂರಿಸಿದ. ವರ್ಷಗಟ್ಟಲೆ ಕರೆಂಟು ಕಾಣದ ಬಿಡಿಭಾಗಗಳಿಗೆ, ಉಪವಾಸ ಮುಗಿಸಿದವನಿಗೆ ಗಂಜಿ ಕೊಡುವ ಹಾಗೆ, ಸ್ವಲ್ಪ ಸ್ವಲ್ಪವಾಗಿ ಕರೆಂಟು ಉಣ್ಣಿಸಿದ. ತಿಂಗಳುಗಳು ಹೋದವು. ಆಕೆ ಆಗಾಗ ಬಂದು ಕೂತು ನೋಡಿ ಹೋಗುತ್ತಿದ್ದಳು. ಒಂದು ದಿನ ಬೆಳಿಗ್ಗೆ ಆಕೆ ಕೂತಿದ್ದಾಗಲೇ ಯಂತ್ರದ ಮುಂಭಾಗದ ಕೆಂಪು ದೀಪಗಳು ಹತ್ತಿದವು. ಅವನಿಗೆ ಸಂತೋಷ ತಡೆಯಲಾಗಲಿಲ್ಲ. ಅಷ್ಟು ತಿಂಗಳು ಕಾದವನಿಗೆ ಇನ್ನು ಅರ್ಧ ಗಳಿಗೆ ಕಾಯುವುದು ಕಷ್ಟವಾಯಿತು.

ಉಳಿದದ್ದು ಡಿಸ್ಕು ಓದಿಸುವುದು. ಅದಕ್ಕೆ ಎರಡು ಡ್ರೈವುಗಳಿದ್ದವು, ಎಡಕ್ಕೊಂದು ಬಲಕ್ಕೊಂದು. ಡ್ರೈವಿನೊಳಗೆ ಡಿಸ್ಕು ತಿರುಗುತ್ತದೆ. ಹೆಡ್ಡು ಎಂಬ ಸಣ್ಣ ತುಣುಕು ಅದರ ಮೇಲೆ ತೇಲುತ್ತ ಓದುತ್ತದೆ. ಎರಡರ ನಡುವೆ ಇರುವುದು ಕೂದಲಿಗಿಂತ ತೆಳುವಾದ ಗಾಳಿ. ಹೆಡ್ಡು ಡಿಸ್ಕನ್ನು ಮುಟ್ಟಬಾರದು. ಮುಟ್ಟಿದರೆ ಡಿಸ್ಕಿಗೆ ಗೀರು ಬೀಳುತ್ತದೆ, ಹೆಡ್ಡೂ ಕೆಡುತ್ತದೆ. ನಿನಗೆ ಇಷ್ಟು ಗೊತ್ತಿದ್ದರೆ ಸಾಕು.

ಆಕೆಯ ಡಿಸ್ಕನ್ನು ಮೊದಲೇ ಹಾಕಲು ಅವನಿಗೆ ಧೈರ್ಯ ಬರಲಿಲ್ಲ. ಯಂತ್ರದ ಜೊತೆ ಬಂದಿದ್ದ ಯಾವುದೋ ಬೇಡದ ಡಿಸ್ಕನ್ನು ಎಡಗಡೆಯ ಡ್ರೈವಿಗೆ ಹಾಕಿ ನೋಡಿದ. ಕಿರ್ ಎಂದು ಸಣ್ಣ ಸದ್ದಾಯಿತು. ಓದಲಿಲ್ಲ. ದೋಷ ಡಿಸ್ಕಿನದೋ ಡ್ರೈವಿನದೋ? ತಿಳಿಯಬೇಕಲ್ಲ ಎಂದು ಅದೇ ಡಿಸ್ಕನ್ನು ಬಲಗಡೆಯ ಡ್ರೈವಿಗೆ ಹಾಕಿ ನೋಡಿದ. ಅಲ್ಲಿಯೂ ಕಿರ್ ಎಂದಿತು. ಓದಲಿಲ್ಲ. ಎರಡು ಕಡೆಯೂ ಓದದ ಮೇಲೆ ಕೆಟ್ಟಿರುವುದು ಡಿಸ್ಕೇ, ಡ್ರೈವುಗಳು ಚೆನ್ನಾಗಿವೆ ಎಂದುಕೊಂಡ. ತರ್ಕ ನೇರವಾಗಿತ್ತು. ನಮ್ಮ ತರ್ಕ ಯಾವಾಗಲೂ ನೇರವಾಗಿಯೇ ಇರುತ್ತದೆ, ಅದರಲ್ಲಿ ಏನೂ ಕೊರತೆಯಿಲ್ಲ.

ಆಮೇಲೆ ಆಕೆಯ ಮೂಲ ಡಿಸ್ಕನ್ನು ತೆಗೆದುಕೊಂಡ. ಎಡಗಡೆಗೆ ಹಾಕಿ ನೋಡಿದ. ಅದೇ ಸದ್ದು. ಗಾಬರಿಯಾಗಿ ಹೊರಗೆ ತೆಗೆದು ಬಲಗಡೆಗೆ ಹಾಕಿ ನೋಡಿದ. ಅದೇ ಸದ್ದು. ಈಗ ಅವನ ಕೈ ನಕಲಿನ ಕಡೆಗೆ ಹೋಯಿತು. ಆಕೆ ಅದನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು.

“ಸ್ವಲ್ಪ ತಡೀರಿ. ಅದು ಯಾಕೆ ಹಾಗೆ ಸದ್ದು ಮಾಡುತ್ತಿದೆ ಅಂತ ಮುಚ್ಚಳ ತೆಗೆದು ಒಂದು ಸಲ ನೋಡಬಾರದೇ?”

“ಅಮ್ಮಾ, ಬರೀ ನೋಡಿದರೆ ಏನು ಗೊತ್ತಾಗುತ್ತೆ? ಹಾಕಿ ನೋಡಿದರೆ ತಾನೇ ಗೊತ್ತಾಗೋದು.”

ಅವನ ಮಾತನ್ನು ಸ್ವಲ್ಪ ಗಮನಿಸು. ನಮ್ಮ ಭಾಷೆಯಲ್ಲಿ ಯಾವ ಕೆಲಸ ಹೇಳಿದರೂ ಬಾಲಕ್ಕೆ ಒಂದು ‘ನೋಡು’ ಕಟ್ಟುತ್ತೇವೆ. ತಿಂದು ನೋಡು, ಮಾಡಿ ನೋಡು, ಹಾಕಿ ನೋಡು. ತಿನ್ನುವುದು ಆಗುತ್ತದೆ, ಮಾಡುವುದು ಆಗುತ್ತದೆ, ಹಾಕುವುದಂತೂ ಆಗಿಯೇ ಆಗುತ್ತದೆ. ನೋಡುವುದೊಂದು ಉಳಿದುಬಿಡುತ್ತದೆ.

ಆಕೆ ನಕಲನ್ನು ಕೊಡಲಿಲ್ಲ. ಬೇರೆ ದಾರಿಯಿಲ್ಲದೆ ಅವನು ಡ್ರೈವುಗಳ ಮುಚ್ಚಳ ಬಿಚ್ಚಿದ, ಡಿಸ್ಕುಗಳ ಡಬ್ಬಿ ಬಿಚ್ಚಿದ, ಟಾರ್ಚು ಹಿಡಿದ. ನೋಡಿದ ಮೇಲೆ ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಬೇಡದ ಡಿಸ್ಕಿನ ಮೇಲೆ ಬಳೆಯ ಹಾಗೆ ಒಂದು ಗೀರಿತ್ತು. ಅದು ಹಿಂದೆಂದೋ ಬಿದ್ದದ್ದು, ಅಂಚು ಮಾಸಿತ್ತು. ಆ ಗೀರು ಎಡಗಡೆಯ ಹೆಡ್ಡನ್ನು ಕೆಡಿಸಿತ್ತು. ಪರೀಕ್ಷೆಗೆಂದು ಅದೇ ಡಿಸ್ಕನ್ನು ಹೊತ್ತುಕೊಂಡು ಹೋದಾಗ ಬಲಗಡೆಯ ಹೆಡ್ಡೂ ಕೆಟ್ಟಿತ್ತು. ಕೆಟ್ಟ ಹೆಡ್ಡುಗಳು ಆಕೆಯ ಒಳ್ಳೆಯ ಡಿಸ್ಕನ್ನು ಗೀರಿ ಹಾಕಿದ್ದವು. ಅದರ ಮೇಲಿನ ಲೇಪದಲ್ಲಿದ್ದ ಮಾತುಗಳು ಕಂದು ಬಣ್ಣದ ಪುಡಿಯಾಗಿ ಹೆಡ್ಡುಗಳಿಗೆ ಮೆತ್ತಿಕೊಂಡಿದ್ದವು.

ಬೆಳಿಗ್ಗೆ ಕೆಟ್ಟದ್ದು ಒಂದೇ ಇತ್ತು. ಊಟದ ಹೊತ್ತಿಗೆ ನಕಲೊಂದನ್ನು ಬಿಟ್ಟು ಎಲ್ಲವೂ ಕೆಟ್ಟಿದ್ದವು. ಒಂದು ಕಡೆಯದನ್ನು ಇನ್ನೊಂದು ಕಡೆಗೆ ಹೊತ್ತು ಓಡಾಡಿದವನು ರಿಪೇರಿಗಾರ. ಅವನ ಮನಸ್ಸಿನಲ್ಲಿ ಕೇಡಿರಲಿಲ್ಲ. ನಿಜ ತಿಳಿಯಬೇಕು ಎಂಬುದಷ್ಟೇ ಇತ್ತು. ಅವನು ಅಲ್ಲಿಯೇ ಕುಸಿದು ಕೂತು ಅತ್ತ. ಆಕೆ ಬೈಯಲಿಲ್ಲ.

ಸ್ವಾಮಿಗಳು ಕತೆ ನಿಲ್ಲಿಸಿದರು. ಚೆನ್ನವೀರಯ್ಯನಿಗೆ ಆ ಹೆಂಗಸಿನದೇ ಚಿಂತೆಯಾಯಿತು. ನಕಲಾದರೂ ಚೆನ್ನಾಗಿತ್ತೇ ಎಂದು ಕೇಳಿದ.

“ಚೆನ್ನಾಗಿಯೇ ಇದೆ. ಇವತ್ತಿಗೂ ಆಕೆಯ ಮನೆಯ ಗೂಡಿನಲ್ಲಿದೆ. ಅದರ ಮೇಲೆ ಒಂದು ಗೀರಿಲ್ಲ. ಆದರೆ ಅದನ್ನು ಓದುವ ಹೆಡ್ಡುಗಳನ್ನು ಈಗ ಯಾರೂ ಮಾಡುವುದಿಲ್ಲ. ಇದ್ದ ಎರಡನ್ನೂ ಅವನು ಕೆಡಿಸಿಕೊಂಡ.”

ಚೆನ್ನವೀರಯ್ಯನ ಮುಖ ತಿಳಿಯಾಯಿತು. ಕತೆಯ ಅರ್ಥ ಆಯಿತೆಂದೂ, ಯಾತ್ರಿಕನ ಮಾತನ್ನು ಬದಿಗಿಟ್ಟು ಕೆಲವು ದಿನ ತಾನೇ ಅಡುಗೆಮನೆಯಲ್ಲಿ ಮರುಳಪ್ಪನ ಜೊತೆಗಿದ್ದು ಅವನನ್ನು ಕಣ್ಣಾರೆ ನೋಡುವೆನೆಂದೂ ಹೇಳಿ, ನಮಸ್ಕಾರ ಮಾಡಿ ಎದ್ದ.

ಅಷ್ಟರಲ್ಲಿ ದಾಸೋಹದ ಗಂಟೆ ಮೊಳಗಿತು. ಮರುಳಪ್ಪನೇ ಬಾರಿಸುತ್ತಿದ್ದ. ಗಂಟೆ ಕೇಳಿದರೆ ಸಾಕು, ನಾ ಮುಂದೆ ತಾ ಮುಂದೆ ಎಂದು ಓಡುವ ಜನ ಇವತ್ತು ಅಂಗಳದಲ್ಲಿಯೇ ಇಬ್ಬರು ಮೂವರಾಗಿ ನಿಂತು ಏನೋ ಪಿಸುಗುಟ್ಟುತ್ತಿದ್ದರು. ಯಾರೂ ಪಂಕ್ತಿಗೆ ಹೋಗಲಿಲ್ಲ. ಕೇಳಿಸಲಿಲ್ಲವೇನೋ ಎಂದುಕೊಂಡು ಮರುಳಪ್ಪ ಇನ್ನೊಮ್ಮೆ ಬಾರಿಸಿದ.

ಸ್ವಾಮಿಗಳು ಕಿಟಕಿಯಿಂದ ಅಂಗಳವನ್ನು ನೋಡಿ, ಶಿಷ್ಯನ ಕಡೆ ತಿರುಗಿದರು.

“ಚೆನ್ನವೀರ, ಇಲ್ಲಿಗೆ ಬರುವ ಮೊದಲು ಎಷ್ಟು ಜನರನ್ನು ಕೇಳಿ ನೋಡಿದೆ?”

ಚೆನ್ನವೀರಯ್ಯ ಬೆರಳು ಮಡಿಸಿ ಎಣಿಸತೊಡಗಿದ, ಒಂದು ಕೈ ಸಾಲಲಿಲ್ಲ.