ಜೂನ್ ಒಂದರಂದು ಹುಟ್ಟಿದವರು

ಒಂದನೇ ತರಗತಿಗೆ ಸೇರಬೇಕಾದರೆ ಜೂನ್ ಒಂದಕ್ಕೆ ಆರು ವರ್ಷ ತುಂಬಿರಲೇಬೇಕು ಅಂತ ಸರ್ಕಾರದ ಆದೇಶ. ಶಾಲೆಯಲ್ಲಿ ಬಿಸಿಯೂಟ ಮಾಡುವ ಮಾಳಮ್ಮನ ಮೊಮ್ಮಗಳು ಸಿಂಚನಾಗೆ ಆರು ತುಂಬುವುದು ಜೂನ್ ಎರಡಕ್ಕೆ. ಇಂಥ ಮಕ್ಕಳ ಅಪ್ಪ ಅಮ್ಮಂದಿರೆಲ್ಲ ಶಾಲೆ ಮುಂದೆ ಗಲಾಟೆಗೆ ನಿಂತರು. ಶಿಕ್ಷಣ ಇಲಾಖೆಯ ಸಾಹೇಬರು ಬಂದು, "ಒಂದು ದಿನ ಕಮ್ಮಿಯಾದರೂ ಕಮ್ಮಿಯೇ" ಅಂದುಬಿಟ್ಟರು.

ಮಾಳಮ್ಮ ಟೀ ತಂದುಕೊಟ್ಟಳು. "ಸ್ವಾಮಿ, ತಾವು ಹುಟ್ಟಿದ್ದು ಯಾವತ್ತು?"

"ಜೂನ್ ಒಂದು."

"ಹೆಡ್‌ಮಾಸ್ಟ್ರೇ, ನೀವು?"

ಹೆಡ್‌ಮಾಸ್ಟರು ನೆಲ ನೋಡುತ್ತಾ, "ನಂದೂ ಅದೇ" ಅಂದರು.

"ನಮ್ಮ ಯಜಮಾನರದ್ದೂ ಅದೇ. ಅಗೋ, ಗೇಟ್ ಹತ್ರ ನಿಂತಿರೋ ಅಜ್ಜಂದಿರದ್ದೆಲ್ಲ ಅದೇ. ಅವತ್ತೊಂದೇ ದಿನ ಸೂಲಗಿತ್ತಿ ಎಷ್ಟು ಮನೆಗೆ ಓಡಾಡಿದಳೋ, ಪಾಪ!"

ಜನ ಗೊಳ್ಳೆಂದು ನಕ್ಕರು. ಸಾಹೇಬರಿಗೂ ನಗು ತಡೆಯಲಾಗಲಿಲ್ಲ. ಬಲಗೈಯನ್ನು ತಲೆ ಮೇಲಿಂದ ತಂದು ಎಡಗಿವಿ ಮುಟ್ಟಿ ತೋರಿಸಿದರು. "ಹೀಗೆ ಕಿವಿ ಸಿಕ್ಕಿತು ಅಂತ ನಮ್ಮ ಮೇಷ್ಟ್ರು ಸೇರಿಸಿಕೊಂಡರು. ಹುಟ್ಟಿದ ದಿನ ಮನೇಲಿ ಯಾರಿಗೂ ಗೊತ್ತಿರಲಿಲ್ಲ. ಅವರೇ ಜೂನ್ ಒಂದು ಅಂತ ಬರೆದರು."

ಆಮೇಲೆ ಮೆಲ್ಲಗೆ ಕೈ ಇಳಿಸಿದರು. "ಆಗ ಪೆನ್ನು ಮೇಷ್ಟ್ರ ಕೈಲಿತ್ತು. ಈಗ ಎಲ್ಲ ಕಂಪ್ಯೂಟರು. ನಾನು ಹೇಳಿದರೂ ಅದು ತಗೊಳ್ಳಲ್ಲ ಕಣಮ್ಮ. ಮುಂದಿನ ವರ್ಷ ಕರ್ಕೊಂಡು ಬಾ."

ಸಿಂಚನಾ ಅಜ್ಜಿಯ ಸೆರಗು ಬಿಟ್ಟು ಮುಂದೆ ಬಂದು, ಸಾಹೇಬರು ಮಾಡಿದ ಹಾಗೇ ತಲೆ ಮೇಲಿಂದ ಕೈ ತಂದು ಕಿವಿ ಹಿಡಿದಳು. ಸಲೀಸಾಗಿ ಸಿಕ್ಕಿತು.

ಸಾಹೇಬರು ಜೀಪು ಹತ್ತುವಾಗಲೂ ಅವಳು ಕೈ ಇಳಿಸಿರಲಿಲ್ಲ.