ಚಿಟ್ಟೆ ನೆಟ್ಟಗೆ ಹಾರುವುದನ್ನು ಬಿಟ್ಟದ್ದು

ಲೋಕಕ್ಕೆ ಇನ್ನೂ ಹಸಿ ಮಣ್ಣಿನ ವಾಸನೆ ಇದ್ದ ಕಾಲ. ಆಗ ಚಿಟ್ಟೆ ಬೀಸಿ ಒಗೆದ ಕಲ್ಲಿನ ಹಾಗೆ ನೆಟ್ಟಗೆ ಹಾರುತ್ತಿತ್ತು, ಮಗಾ. ನಂಬು.

ಒಂದು ಬಯಲು. ಬಯಲಿನ ಆಚೆ ಕರಿಬೇವಿನ ಗಿಡ. ಚಿಟ್ಟೆಮ್ಮ ಮೊಟ್ಟೆ ಇಡಬೇಕಾದ್ದು ಅದರ ಎಲೆಯ ಮೇಲೇ. ಬೇರೆ ಎಲೆ ಅವಳ ಮರಿಗಳಿಗೆ ಸೇರದು. ಆದರೆ ಬಯಲಿನ ನಡುವೆ ಎಮ್ಮೆ ಮೇಯುತ್ತಿತ್ತು. ಎಮ್ಮೆಯ ಬೆನ್ನ ಮೇಲೆ ಕಾಜಾಣ ಕೂತಿದ್ದ. ಹುಳು ಹಿಡಿದು ತಿನ್ನುವ ಕರಿ ಹಕ್ಕಿ ಅವನು. ಒಂದು ಸಲ ನೋಡಿದ್ದನ್ನು ಮರೆಯುವ ಪೈಕಿಯೇ ಅಲ್ಲ.

ಮೊದಲು ಚಿಟ್ಟೆಮ್ಮ ಎಡಗಡೆಯಿಂದ ಹೊರಟಳು. ಕಾಜಾಣ ಎರಗಿದ. ಹೇಗೋ ತಪ್ಪಿಸಿಕೊಂಡು ವಾಪಸು ಬಂದಳು.

ಮರುದಿನ ಬಲಗಡೆಯಿಂದ ಹೊರಟಳು. ಕಾಜಾಣ ಆಗಲೇ ಅಲ್ಲಿದ್ದ. "ನಿನ್ನೆ ಎಡ, ಇವತ್ತು ಬಲ. ಗೊತ್ತಿತ್ತು ಕಣೇ!"

ಅದರ ಮರುದಿನ, ಅವನು ಎಡಕ್ಕೆ ಕಾಯ್ತಾನೆ ಅಂದುಕೊಂಡು ಮತ್ತೆ ಬಲಕ್ಕೇ ಹೋದಳು. "ಹೀಗೆ ಜಾಣತನ ಮಾಡ್ತೀಯ ಅಂತಾನೂ ಗೊತ್ತಿತ್ತು!" ರೆಕ್ಕೆಯ ಚೂರೊಂದು ಅವನ ಕೊಕ್ಕಿನಲ್ಲೇ ಉಳಿಯಿತು.

ನಾಲ್ಕನೆಯ ದಿನ ಕಾಜಾಣ ಕರಿಬೇವಿನ ಗಿಡದ ಬಳಿಯ ಹೊಂಡಕ್ಕೆ ನೀರು ಕುಡಿಯಲು ಹೋದಾಗ ಚಿಟ್ಟೆಮ್ಮ ಎಮ್ಮೆಯ ಕೋಡಿನ ಮೇಲೆ ಕೂತು ಅತ್ತಳು. "ಎಮ್ಮಕ್ಕಾ, ಇವತ್ತು ದಾಟದಿದ್ದರೆ ನನ್ನ ಮಕ್ಕಳು ಹುಟ್ಟೋದೇ ಇಲ್ಲ."

ಎಮ್ಮೆ ಮೆಲುಕು ನಿಲ್ಲಿಸಲಿಲ್ಲ. "ನನ್ನ ಬಾಲ ನೋಡೇ. ಈಗ ಯಾವ ಕಡೆ ಬೀಸತ್ತೆ, ಹೇಳು?"

"ಗೊತ್ತಿಲ್ಲ."

"ನನಗೂ ಗೊತ್ತಿಲ್ಲ! ನನಗೇ ಗೊತ್ತಿಲ್ಲದ್ದು ನೊಣಕ್ಕೆ ಹೇಗೆ ಗೊತ್ತಾಗಬೇಕು? ಅದಕ್ಕೇ ಏಟು ತಿನ್ನತ್ತೆ. ನೀನೋ, ದಾರಿ ಗೊತ್ತುಮಾಡಿಕೊಂಡೇ ಹೊರಡ್ತೀಯ. ಅವನು ನಿನ್ನೆ ಮೊನ್ನೆದೆಲ್ಲ ನೆನಪಿಟ್ಟು ಅದನ್ನೇ ಹಿಡೀತಾನೆ."

ಚಿಟ್ಟೆಮ್ಮ ಕಣ್ಣೊರೆಸಿಕೊಂಡು ಹೊರಟೇಬಿಟ್ಟಳು. ಮೇಲೆ, ಕೆಳಗೆ, ಇನ್ನೂ ಕೆಳಗೆ, ಪಕ್ಕಕ್ಕೆ. ರೆಕ್ಕೆ ಎತ್ತುವ ತನಕ ಏನೂ ಯೋಚಿಸಲಿಲ್ಲ.

ಕಾಜಾಣ ಹಾರಿಬಂದ. "ನಿನ್ನೆ ಬಲ, ಮೊನ್ನೆ ಬಲ, ಹಾಗಾದ್ರೆ ಈಗ... ಅಯ್ಯೋ, ಸರಿಯಾಗಿ ಹಾರೇ!"

"ಎಲ್ಲಿಗೆ ಹಾರ್ತೀನೋ ನನಗೇ ಗೊತ್ತಿಲ್ಲ ಕಣೋ!" ಚಿಟ್ಟೆಮ್ಮನಿಗೆ ನಗು ತಡೆಯಲಾಗಲಿಲ್ಲ.

ಕಾಜಾಣನ ಅರ್ಧ ಬಾಲ ಎಡಕ್ಕೆ ಹೋಗೋಣ ಅಂದಿತು, ಇನ್ನರ್ಧ ಬಲಕ್ಕೆ ಅಂದಿತು. ಪರ್ರ್ ಅಂತ ಸದ್ದಾಯಿತು! ಎಮ್ಮೆ ನಕ್ಕ ರಭಸಕ್ಕೆ ಬಾಯಲ್ಲಿದ್ದ ಹುಲ್ಲೆಲ್ಲ ಉದುರಿತು. ಅಷ್ಟರಲ್ಲಿ ಕರಿಬೇವಿನ ಎಲೆಯ ಮೇಲೆ ಪುಟ್ಟ ಹಳದಿ ಮೊಟ್ಟೆ ಕೂತಿತ್ತು.

ಅದಕ್ಕೇ ಮಗಾ, ಇವತ್ತಿಗೂ ಚಿಟ್ಟೆ ಹಾಗೆ ಅತ್ತ ಇತ್ತ ಕುಣಿಯುತ್ತ ಹಾರುತ್ತದೆ, ಅದನ್ನು ನೋಡುತ್ತ ಕೂತ ಕಾಜಾಣದ ಬಾಲ ಎರಡಾಗಿ ಸೀಳಿಕೊಂಡೇ ಇದೆ.