ಸಾಕವ್ವನ ಹಗ್ಗದ ಕಚ್ಚು

ಮತ್ತೆ ಬಾಯಿ ಹಾಕಿದ್ಯಾ? ಇನ್ನೂ ರಾಜನ ಊರು ಹೇಳೋಕೆ ಬಿಟ್ಟಿಲ್ಲ, ಅಷ್ಟರಲ್ಲಿ ಅವನಿಗೆ ಕುದುರೆ ಇತ್ತಾ, ಆನೆ ಇತ್ತಾ, ಮೀಸೆ ಇತ್ತಾ. ಇತ್ತು ಕಣೇ ಕೂಸೇ, ಎಲ್ಲಾ ಇತ್ತು, ಮೀಸೇನೂ ಇತ್ತು. ಈಗ ಕಾಲು ಒಳಗೆ ಹಾಕ್ಕೊ, ಕಂಬಳಿ ಎಳ್ಕೊ. ಇನ್ನೊಂದು ಸಲ ಅಡ್ಡ ಬಂದರೆ ನಿಮ್ಮಮ್ಮನ ಹತ್ತಿರ ಕಳಿಸ್ತೀನಿ, ಅವಳು ಕತೆ ಹೇಳಲ್ಲ, ಮಗ್ಗಿ ಹೇಳಿಸ್ತಾಳೆ.

ಒಂದಾನೊಂದು ಕಾಲ, ನಾನೂ ಇಲ್ಲ, ನಮ್ಮಜ್ಜಿಯ ಅಜ್ಜೀನೂ ಇಲ್ಲ, ಆಗ ಒಂದು ಕೋಟೆ ಊರಿತ್ತಂತೆ. ಊರಿನ ನಡುವೆ ಒಂದು ಬಾವಿ. ಎಂಥ ಬೇಸಿಗೆಯಲ್ಲೂ ಬಗ್ಗಿದರೆ ಮುಖ ಕಾಣೋ ಅಷ್ಟು ನೀರು, ಊರೆಲ್ಲ ಸೇದಿದರೂ ಒಂದು ಗೇಣು ಇಳಿಯುತ್ತಿರಲಿಲ್ಲವಂತೆ. ಆದರೆ ಅಲ್ಲೊಂದು ಕಟ್ಟಲೆ. ಹಗ್ಗ ಉಜ್ಜಿ ಉಜ್ಜಿ ಬಾವಿಕಟ್ಟೆಯ ಕಲ್ಲು ಸವೆದು ಕಚ್ಚು ಬೀಳುತ್ತಲ್ಲ, ಅಂಥದ್ದು ಒಂದೊಂದು ಮನೆಗೆ ಒಂದೊಂದು. ಮುತ್ತಜ್ಜಿ ಸೇದಿದ ಕಚ್ಚಿನಲ್ಲೇ ಮರಿಮಗಳು ಸೇದಬೇಕು. ಕಚ್ಚು ಇದ್ದವರು ಊರಿನವರು, ಇಲ್ಲದವರು ಹೊರಗಿನವರು, ಅಷ್ಟೆ.

ಕೋಟೆ ಗೋಡೆಯ ಹೊರಗೆ ಸಾಕವ್ವ ಅಂತ ಒಬ್ಬಳಿದ್ದಳಂತೆ. ಬೆಟ್ಟದಾಚೆ ಅವಳ ದೇಶ, ಅಲ್ಲಿಯ ರಾಜನ ದಂಡಿನವರೇ ಅವಳ ಊರಿಗೆ ಬೆಂಕಿ ಇಟ್ಟರಂತೆ, ಗಂಡ ಅದರಲ್ಲೇ ಹೋದ, ಆಮೇಲೆ ಮೂರು ಗಂಡುಮಕ್ಕಳನ್ನು ಕಟ್ಟಿಕೊಂಡು ಇಲ್ಲಿಗೆ ಬಂದಳಂತೆ. ದೊಡ್ಡವನು ಕೆಂಚ, ನಡುವಿನವನು ಮಾಳ, ಕೊನೆಯವನು ದುಗ್ಗ. ಕತ್ತಾಳೆ ನಾರು ಬಡಿದು ಹಗ್ಗ ಹೊಸೆಯೋದು ಅವರ ಕಸುಬು. ಊರಿನ ಬಿಂದಿಗೆಗಳೆಲ್ಲ ಬಾವಿಗೆ ಇಳಿಯುತ್ತಿದ್ದದ್ದು ಇವಳ ಹಗ್ಗದಲ್ಲೇ, ಆದರೆ ಇವಳ ಬಿಂದಿಗೆ ಇಳಿಯೋ ಹಾಗಿಲ್ಲ. ಕಟ್ಟೆಯ ಕೆಳಗೆ ನಿಂತು, ಯಾರಾದರೂ ಹೊಯ್ಯಿರಮ್ಮ ಅನ್ನಬೇಕು. ಒಬ್ಬಳು ಹೊಯ್ದರೆ ಇನ್ನೊಬ್ಬಳು, ಏನೇ ಬೆಟ್ಟದವಳೇ, ನಿಮ್ಮ ದೇಶದಲ್ಲಿ ಕೈ ಚಾಚೋದು ಬಿಟ್ಟು ಇನ್ನೇನು ಕಲಿಸ್ತಾರೆ ಅನ್ನೋಳಂತೆ. ಸಾಕವ್ವ ಬಿಡ್ತಾಳಾ? ನಿಮ್ಮ ಬಿಂದಿಗೆ ಬಾವಿಗೆ ಬೀಳದ ಹಾಗೆ ಹಗ್ಗ ಹೊಸೆಯೋದು ಕಲಿಸ್ತಾರೆ ತಾಯಿ ಅಂದಳಂತೆ.

ಆಮೇಲೆ ಹೊಳೆಯಾಚೆಯ ರಾಜ ದಂಡು ತಂದ. ಕೋಟೆಯ ರಾಜನಿಗೆ ಆಳು ಸಾಲಲಿಲ್ಲ. ಡಂಗುರ ಹೊಡೆಸಿದನಂತೆ, ಹೊರಗಿನವರು ಯಾರೇ ಆಗಲಿ, ನಮಗಾಗಿ ಕತ್ತಿ ಹಿಡಿದರೆ ಅವರು ನಮ್ಮವರೇ, ಅವರ ಮನೆಗೆ ಬಾವಿಕಟ್ಟೆಯಲ್ಲಿ ಕಚ್ಚು ಅಂತ. ಕೆಂಚ ಹೊಸೆಯುತ್ತಿದ್ದ ಹಗ್ಗ ಕೆಳಗಿಟ್ಟು ಎದ್ದ. ಅವ್ವಾ, ಇನ್ನು ನೀನು ಕಟ್ಟೆಯ ಕೆಳಗೆ ನಿಲ್ಲಬಾರದು ಅಂದ. ಹೋದ. ಆಮೇಲೆ ಅವನ ರುಮಾಲು ಬಂತಂತೆ.

ಹೂಂ, ಸತ್ತ. ಬರೀ ರುಮಾಲು ಬಂತು ಅಂದರೆ ಇನ್ನೇನು? ಅಳಬೇಡ, ಕೇಳು.

ಸಾಕವ್ವ ಆ ರುಮಾಲು ಹಿಡಿದು ಮಂತ್ರಿಯ ಬಾಗಿಲಿಗೆ ಹೋಗಿ, ಕಚ್ಚು ಕೊಡಿ ಬುದ್ಧಿ ಅಂದಳಂತೆ. ಮಂತ್ರಿ ಎಲೆ ಅಡಿಕೆ ಜಗಿಯುತ್ತಾ, ಕಚ್ಚು ಕೊಡೋದು ಕಾದಾಡಿ ಬಂದವನಿಗೆ, ಸತ್ತವನಿಗೆ ಬಾಯಾರಿಕೆ ಏನಮ್ಮ ಅಂದನಂತೆ.

ಆಮೇಲೆ ಮಾಳ ಹೋದ. ಬಂದ, ಬಲಗೈ ಅಲ್ಲೇ ಬಿಟ್ಟು ಬಂದ. ಮಂತ್ರಿ, ಭೇಷ್ ಭೇಷ್, ಆದರೆ ಕಟ್ಟಲೆ ಗೊತ್ತಲ್ಲ, ಮೊದಲನೇ ಬಿಂದಿಗೆಯನ್ನು ನೀನೇ ಸೇದಬೇಕು ಅಂದನಂತೆ. ಊರೆಲ್ಲ ನೋಡೋಕೆ ಬಂತು. ಮಾಳ ಎಡಗೈಯಲ್ಲಿ ಒಂದು ಸಲ ಎಳೆದು, ಹಗ್ಗವನ್ನು ಹಲ್ಲಲ್ಲಿ ಹಿಡಿದು, ಮತ್ತೆ ಎಳೆದು, ಹಾಗೇ ಅರ್ಧ ಬಾವಿವರೆಗೆ ತಂದನಂತೆ. ಆಮೇಲೆ ಬಾಯಿ ತುಂಬ ರಕ್ತ ಬಂದು ಹಗ್ಗ ಜಾರಿತು. ನಕ್ಕವರು ನಕ್ಕರು.

ಉಳಿದವನು ದುಗ್ಗ. ಅವನಿಗಿನ್ನೂ ಮೀಸೆ ಮೂಡಿರಲಿಲ್ಲ. ಸಾಕವ್ವ ಬಾಗಿಲಿಗೆ ಅಡ್ಡ ಮಲಗಿ, ಬೇಡ ಕಣಪ್ಪ, ನಾನು ಸಾಯೋವರೆಗೂ ಕೈ ಚಾಚ್ತೀನಿ, ನೀನು ಮನೇಲಿರು ಅಂದಳಂತೆ. ಅವನು, ಹಾಗಾದರೆ ಅಣ್ಣ ಸುಮ್ಮಸುಮ್ಮನೆ ಸತ್ತನಾ ಅವ್ವಾ ಅಂದು ಅವಳನ್ನು ದಾಟಿಕೊಂಡೇ ಹೋದನಂತೆ. ಯುದ್ಧ ಗೆದ್ದರು. ದುಗ್ಗ ಕೈಕಾಲು ನೆಟ್ಟಗಿದ್ದೇ ಬಂದ, ಮಾತು ಮಾತ್ರ ಬರಲಿಲ್ಲ. ಕರೆದರೆ ತಿರುಗ್ತಾನೆ, ಇಟ್ಟರೆ ಉಣ್ತಾನೆ, ಏನು ನೋಡಿದ್ಯೋ ಮಗನೇ ಅಂದರೆ ಗೋಡೆ ಕಡೆ ಮುಖ ಮಾಡ್ತಾನೆ.

ಈ ಸಲ ರಾಜನೇ ಬಂದ. ಕಲ್ಲುಕುಟಿಗನನ್ನು ಕರೆಸಿ, ಕಟ್ಟೆಯ ಮೇಲೆ ಉಳಿಯಲ್ಲಿ ಕಚ್ಚು ಹೊಡೆಸಿ, ವಾದ್ಯ ಊದಿಸಿದನಂತೆ. ಆ ಊರಲ್ಲಿ ಯಾವ ಕಚ್ಚನ್ನೂ ಯಾರೂ ಉಳಿಯಲ್ಲಿ ಹೊಡೆದದ್ದೇ ಇಲ್ಲ, ಅದು ಒಬ್ಬರಿಗೂ ಹೊಳೆಯಲಿಲ್ಲ ನೋಡು. ಹೊಸ ಕಚ್ಚಿನ ಅಂಚು ಕುಡುಗೋಲಿನ ಹಾಗಿತ್ತು. ದುಗ್ಗ ಸೇದಿದ, ಬಿಂದಿಗೆ ಇನ್ನೇನು ಮೇಲೆ ಬಂತು ಅನ್ನೋಷ್ಟರಲ್ಲಿ ಹಗ್ಗ ಪಟ್ಟಂತ ಹರಿಯಿತು. ಮಂತ್ರಿ ಕೈ ಮುಗಿದು, ಗಂಗಮ್ಮ ಒಪ್ಪಲಿಲ್ಲ, ನಾವೇನು ಮಾಡೋಣ ಅಂದನಂತೆ. ಸಾಕವ್ವ, ಗಂಗಮ್ಮನ ಮೇಲೆ ಯಾಕೆ ಹಾಕ್ತೀರಿ ಬುದ್ಧಿ, ಅವಳು ತಿರುಗಿ ಮಾತಾಡಲ್ಲ ಅಂತಲಾ ಅಂದಳಂತೆ.

ಆಮೇಲೆ ಅವಳು ಕಟ್ಟೆ ಹತ್ತಿ ಕೂತಳು. ರಾಜ ಕೊಟ್ಟ ಕಚ್ಚು, ನನ್ನನ್ನು ಯಾರು ಇಳಿಸ್ತೀರೋ ಬನ್ನಿ ಅಂದಳು. ಬಿಂದಿಗೆ ಇಲ್ಲ, ಏನಿಲ್ಲ, ಬರೀ ಹಗ್ಗಕ್ಕೆ ಒದ್ದೆ ಮರಳು ಸವರಿ ಆ ಕಚ್ಚಿನಲ್ಲಿ ಎಳೆಯೋದು, ಬಿಡೋದು, ಎಳೆಯೋದು, ಬಿಡೋದು. ಹರಿದರೆ ಇನ್ನೊಂದು ಹೊಸೆಯೋದು. ಮಳೆ ಬಂತು, ಚಳಿ ಬಂತು, ಅಂಗೈ ಚರ್ಮ ಎದ್ದು ಹೋಯಿತಂತೆ. ಕೈ ಚಾಚೋದು ಬಿಟ್ಟು ಇನ್ನೇನು ಕಲಿಸ್ತಾರೆ ಅಂದಿದ್ದಳಲ್ಲ, ಅವಳು ಒಂದು ದಿನ ಬಂದು ಕಲ್ಲಿನ ಮೇಲೆ ಒಂದು ಚೊಂಬು ನೀರು ಹೊಯ್ದು ಹೋದಳಂತೆ. ಅವಳ ಗಂಡನೂ ಯುದ್ಧದಿಂದ ಬಂದಿರಲಿಲ್ಲ.

ಕಲ್ಲು ನಿನ್ನ ಕೆನ್ನೆಯಷ್ಟು ನುಣ್ಣಗಾದ ಮೇಲೆ, ಸಾಕವ್ವ ಕೆಂಚನ ರುಮಾಲು ಹರಿದು ನಾರಿನ ಜೊತೆ ಸೇರಿಸಿ ಹೊಸ ಹಗ್ಗ ಹೊಸೆದಳಂತೆ. ದುಗ್ಗ ಮುಂದೆ ನಿಂತು ಎಳೆದ, ಮಾಳ ಹಿಂದಿನಿಂದ ಒಂದೇ ಕೈಯಲ್ಲಿ ಹಿಡಿದ. ಕಟ್ಟಲೆ ಅಂತ ಮಂತ್ರಿ ಬಾಯಿ ತೆಗೆದ, ಸಾಕವ್ವ ನೋಡಿದ ನೋಟಕ್ಕೆ ಬಾಯಲ್ಲಿದ್ದ ಎಲೆ ಅಡಿಕೆ ನುಂಗಿಬಿಟ್ಟನಂತೆ. ಬಿಂದಿಗೆ ತುಳುಕುತ್ತಾ ಮೇಲೆ ಬಂತು. ಅವರು ಊರಿನವರಾದರು. ಕೋಟೆಯೊಳಗೆ ಮನೆಯಾಯಿತು, ಮಾಳನಿಗೆ ಮದುವೆಯಾಯಿತು, ದುಗ್ಗನೂ ಒಂದೊಂದೇ ಮಾತು ಆಡೋಕೆ ಶುರು ಮಾಡಿದನಂತೆ. ಸಾಕವ್ವ ದಿನಾ ನೀರು ತಂದ ಕೂಡಲೇ ಕೆಂಚ ಮಲಗುತ್ತಿದ್ದ ಚಾಪೆಯ ಹತ್ತಿರ ಒಂದು ಲೋಟ ಇಡುತ್ತಿದ್ದಳಂತೆ. ಹಗ್ಗ ಸುತ್ತಿ ಇಟ್ಟಾಯಿತು, ಕತೆ ಅಲ್ಲಿಗೆ ಮುಗೀತು, ನೀನು ಕಣ್ಣು ಮುಚ್ಚು.

ಏನೇ, ಇನ್ನೂ ಎಚ್ಚರ ಇದ್ದೀಯಾ? ಏನಂದೆ? ಊರೆಲ್ಲ ಸೇದಿದರೂ ಒಂದು ಗೇಣು ಇಳಿಯದಷ್ಟು ನೀರಿತ್ತು ಅಂದ್ಯಲ್ಲ ಅಜ್ಜಿ, ಮತ್ತೆ ಮೊದಲೇ ಯಾಕೆ ಕೊಡಲಿಲ್ಲ ಅಂತಲಾ?